ಇರಾನಿನ ಪಾಠ

ಪರರಾಷ್ಟ್ರಗಳ ಆರ್ಥಿಕ ನಿರ್ಬಂಧಕ್ಕೆ ಸಿಕ್ಕಿದ ಇರಾನ್ ದೇಶದ ತರುಣರು ಕೈಕಟ್ಟಿ ಕುಳಿತವರಲ್ಲ. 2006ರಲ್ಲಿ ಇಬ್ಬರು ಸೋದರರು ತೆಹರಾನಿನಲ್ಲಿ ಆರಂಭಿಸಿದ ‘ಡಿಜಿಕಾಲಾ’ ಎಂಬ ಅಂತರ್ಜಾಲದ ಅಂಗಡಿಯು ಆ ದೇಶದಲ್ಲೆಲ್ಲ ಹೆಸರಾಯಿತು. 2017ರಲ್ಲಿ ಅಮೆರಿಕದ ಆಪಲ್ ಕಂಪನಿಯವರು ನಿರ್ಬಂಧದ ಕಾನೂನನ್ನು ಮುಂದೊಡ್ಡಿ ಇರಾನೀಯರ ಆ್ಯಪುಗಳನ್ನು ತಮ್ಮ ಮಳಿಗೆಯಿಂದ ತೆಗೆದುಹಾಕಿದರು. ಇದು ಅನ್ಯಾಯವೆಂಬುದರಲ್ಲಿ ಸಂಶಯವಿಲ್ಲ. ಆದರೆ 2019ರ ನವೆಂಬರಿನಲ್ಲಿ, ಪೆಟ್ರೋಲಿನ ಬೆಲೆಯೇರಿಕೆಗೆ ಪ್ರಜೆಗಳು ಸಿಡಿದೆದ್ದಾಗ, ಹೊರಜಗತ್ತಿನೊಡನೆ ಇದ್ದ ಅಂತರ್ಜಾಲದ ಸಂಪರ್ಕವನ್ನು ಸುಮಾರು ಒಂದು ವಾರ ಕಡಿದವರು ಪರಕೀಯರಲ್ಲ, ಅಲ್ಲಿಯ ಸರಕಾರದವರೇ! ಹೊರಗಿನ ವೈರದಿಂದ ಸ್ವದೇಶಿಯ ಛಲವು ಹೆಚ್ಚಬಹುದು. ಮನೆಯವರ ಅವಿಶ್ವಾಸವೋ ಅದರ ಬೇರನ್ನೇ ಕೊಯ್ಯುವುದು. ತನ್ನ ತರುಣರನ್ನು ನಂಬದ ಸರಕಾರದ ಬಾಯಲ್ಲಿ ಸ್ವಾವಲಂಬನದ ಮಾತು ಶೋಭಿಸದು. ಗಲಭೆಯ ಭಯದಿಂದ ಅಂತರ್ಜಾಲಕ್ಕೆ ಬೀಗ ಹಾಕುವ ನಮ್ಮ ಅಧಿಕಾರಿಗಳೂ ಇದನ್ನು ಮನನ ಮಾಡಲೆಂದು ಸೂಚಿಸುತ್ತೇವೆ.