ಸೆರಗಿನ ಕೊಂಡಿ

ಸೀರೆಯಂಗಡಿಯ ಜಮಖಾನೆಯ ಮೇಲೆ ಕುಳಿತ ಗಿರಾಕಿ ಮೊದಲು ನೋಡುವುದು ಸೆರಗನ್ನು. ಅಂಗಡಿಯವನಿಗೂ ಈ ಮರ್ಮ ಗೊತ್ತು. ಮಡಿಕೆಯನ್ನು ಒಮ್ಮೆಗೇ ಝಾಡಿಸಿ ಬಿಚ್ಚಿ, ಸೆರಗನ್ನು ತನ್ನ ಹೆಗಲ ಮೇಲೆಯೇ ಇಳಿಬಿಟ್ಟುಕೊಂಡು, “ನೋಡ್ರಿ ಅಕ್ಕಾರ” ಎನ್ನುತ್ತಾನೆ. ಅನಂತರ ದಡಿ; ಆ ಬಳಿಕ ಒಡಲು. ಒಡಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉಜ್ಜಿ ನೂಲಿನ ಯೋಗ್ಯತೆಯನ್ನು ಹೇಳಿಬಿಡುವುದು ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಅದನ್ನು ಯಾವ ಶಾಲೆಯೂ ಕಲಿಸಿಲ್ಲ. ಕಟ್ಟಕಡೆಗೆ ಚೌಕಾಸಿ. ಇಷ್ಟೆಲ್ಲ ಪರೀಕ್ಷೆ ನಡೆದರೂ ಒಡಲು ಮುಗಿದು ಸೆರಗು ತೊಡಗುವ ಆ ಒಂದು ಗೆರೆಯ ಕಡೆಗೆ ಮಾತ್ರ ಯಾರ ದೃಷ್ಟಿಯೂ ಹರಿಯುವುದಿಲ್ಲ. ಸೀರೆ ಇಳಕಲ್ಲಿನದಾಗಿದ್ದ ಪಕ್ಷದಲ್ಲಿ ನೋಡತಕ್ಕದ್ದು ಅದನ್ನೇ.

ಇಳಕಲ್ಲು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಊರು. 1997ರಲ್ಲಿ ಆ ಜಿಲ್ಲೆ ಬೇರೆಯಾಗುವವರೆಗೆ ಅದು ವಿಜಾಪುರ ಜಿಲ್ಲೆಯ ಹುನಗುಂದ ಸೀಮೆಯದು. ಐಹೊಳೆ ಪಟ್ಟದಕಲ್ಲುಗಳ ಗುಡಿಗಳನ್ನೂ, ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮವನ್ನೂ ನೋಡಲು ಬಂದ ಪ್ರವಾಸಿಗಳು ಅಮೀನಗಡದ ಕರದಂಟನ್ನು ಕಟ್ಟಿಸಿಕೊಂಡು ತೃಪ್ತರಾಗಿ ಹಿಂತಿರುಗುವುದೇ ಹೆಚ್ಚು. ಇನ್ನೂ ಸ್ವಲ್ಪ ದೂರ ಹೋದರೆ ಇಳಕಲ್ಲು ಸಿಗುತ್ತದೆಂಬುದು ಅವರ ನೆನಪಿಗೆ ಬರುವುದಿಲ್ಲ. ಈ ಊರಿಗೆ ಎರಡು ಹೆಸರುಗಳುಂಟು, ಎರಡೂ ಕೆಂಪಿನವು. ಒಂದು, ಇಲ್ಲಿನ ನೆಲದಿಂದ ತೆಗೆದು ದೇಶಾಂತರಗಳಿಗೆ ಸಾಗಿಸುವ ಕೆಂಪು ಗ್ರಾನೈಟ್ ಶಿಲೆ. ಇನ್ನೊಂದು, ಸೀರೆಯ ಸೆರಗು. ಕಲ್ಲಿನ ಸದ್ದು ಊರ ಹೊರಗೆ; ನೂಲಿನ ಸದ್ದು ಓಣಿಯ ಒಳಗೆ. ಕಮತಗಿ, ಸೂಳೇಭಾವಿಗಳಂಥ ಸುತ್ತಿನ ಊರುಗಳಲ್ಲಿಯೂ ಅದೇ ಸದ್ದು. ಆ ಸೀಮೆಯಲ್ಲಿ ಮದುವೆಯ ಜವಳಿಯೆಂದರೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ.

ಈ ಸೀರೆಯ ವಿಶೇಷವನ್ನು ತಿಳಿಯಬೇಕಾದರೆ ಮಗ್ಗದ ಎರಡು ಮಾತುಗಳ ಪರಿಚಯ ಬೇಕು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು ಹಾಸು. ಲಾಳಿಯೊಡನೆ ಅಡ್ಡಡ್ಡ ಓಡಾಡುವ ಎಳೆ ಹೊಕ್ಕು. ‘ಹಾಸುಹೊಕ್ಕು’ ಎಂಬ ನುಡಿಯನ್ನು ಸಾಹಿತ್ಯವಿಮರ್ಶಕರು ಎಷ್ಟು ಸವೆಸಿದ್ದಾರೆಂದರೆ, ಅದು ಮೂಲತಃ ನೇಕಾರನ ಮಾತೆಂಬುದೇ ಮರೆತುಹೋಗಿದೆ. ನೇಯ್ಗೆಯೇ ಕಾಯಕವಾಗಿದ್ದ ದೇವರ ದಾಸಿಮಯ್ಯನಂಥವರು ವಚನಕಾರರ ಪಂಕ್ತಿಯಲ್ಲಿ ಆದಿಯಲ್ಲಿಯೇ ಕುಳಿತಿರುವ ಭಾಷೆಯಿದು. ಮಗ್ಗದ ಮಾತುಗಳನ್ನು ಮಗ್ಗದ ಬಳಿ ಹೋಗಿಯೇ ಕೇಳಿ ತಿಳಿದರೆ ತಪ್ಪಲ್ಲ.

ಸಾಮಾನ್ಯವಾಗಿ ಸೀರೆಗಳಿಗೆ ಹಾಸು ಒಂದೇ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅದೇ ಎಳೆ, ಅದೇ ಬಣ್ಣ. ಹಲವು ಸೀರೆಗಳಿಗಾಗುವಷ್ಟು ಉದ್ದನೆಯ ಹಾಸನ್ನು ಒಮ್ಮೆಗೇ ಏರಿಸಿ, ಒಂದಾದಮೇಲೊಂದು ನೇಯುತ್ತ, ಕತ್ತರಿಸುತ್ತ ಹೋಗಬಹುದು. ಸೆರಗಿಗೆ ಬೇರೆ ಬಣ್ಣ ಬೇಕೆಂದಾಗ ಲಾಳಿಯೊಳಗಿನ ಹೊಕ್ಕನ್ನು ಬದಲಿಸುತ್ತಾರೆ. ಆದರೆ ಇದರಲ್ಲಿ ಒಂದು ತೊಡಕುಂಟು. ನೀಲಿಯ ಹಾಸಿನ ಮೇಲೆ ಕೆಂಪು ಹೊಕ್ಕು ಹಾಯ್ದರೆ ಹುಟ್ಟುವುದು ಕೆಂಪಲ್ಲ. ಎರಡರ ನಡುವಿನ ಒಂದು ನೇರಳೆಯ ಛಾಯೆ. ಹಸಿರಿನ ಮೇಲೆ ಕೆಂಪು ಹಾಯ್ದರೆ ಅದು ಇನ್ನೂ ಕಂದು. ಸೆರಗು ಶುದ್ಧ ಕೆಂಪಾಗಬೇಕಾದರೆ ಹೊಕ್ಕಿನಂತೆ ಹಾಸೂ ಕೆಂಪಾಗಿರಬೇಕು. ಒಡಲಿನ ಹಾಸು ನೀಲಿ, ಸೆರಗಿನ ಹಾಸು ಕೆಂಪು; ಸೀರೆ ಮಾತ್ರ ಒಂದೇ. ಇದು ಹೇಗೆ ಸಾಧ್ಯ?

ಇಳಕಲ್ಲಿನವರು ಕಂಡುಕೊಂಡ ಉತ್ತರವೇ ಕೊಂಡಿ.

ಒಡಲಿನ ಹಾಸನ್ನು ಬೇರೆಯಾಗಿ ಸಿದ್ಧಪಡಿಸುತ್ತಾರೆ. ಅದು ಬಹುಮಟ್ಟಿಗೆ ಹತ್ತಿಯದು. ಸೆರಗಿನ ಹಾಸು ಬೇರೆ, ಅದು ರೇಷ್ಮೆಯದು. ಸ್ಥಿತಿ ಸಾಲದಿದ್ದರೆ ‘ಚಮಕಾ’ ಎಂದು ಕರೆಯುವ ಕೃತಕ ರೇಷ್ಮೆಯದು. ದಡಿಯ ಹಾಸು ಮೂರನೆಯದು. ಅದರ ಬಣ್ಣ ಸೆರಗಿನ ಬಣ್ಣವೇ. ಒಡಲಿನ ಹಾಸಿನ ಎಳೆಗಳು ಒಂದು ಕೊನೆಯಲ್ಲಿ ಕುಣಿಕೆಗಳಾಗಿ ನಿಲ್ಲುತ್ತವೆ. ಸೆರಗಿನ ಹಾಸಿನ ಎಳೆಗಳೂ ಹಾಗೆಯೇ. ಈ ಕುಣಿಕೆಯೊಳಗೆ ಆ ಕುಣಿಕೆಯನ್ನು ತೊಡಿಸಬೇಕು. ಎರಡು ಕೈಗಳ ಬೆರಳುಗಳನ್ನು ಕೊಕ್ಕೆಮಾಡಿ ಒಂದಕ್ಕೊಂದು ಸಿಕ್ಕಿಸಿದ ಹಾಗೆ. ಹೊಲಿಗೆಯಿಲ್ಲ, ಅಂಟಿಲ್ಲ. ಸೀರೆಯ ಅಗಲದುದ್ದಕ್ಕೂ ಎಳೆಯಿಂದೆಳೆಗೆ ಬೆರಳು ಹಾಯಬೇಕು, ಎಳೆಗಳೋ ಸಾವಿರಗಟ್ಟಲೆ. ಒಂದು ತಪ್ಪಿದರೆ ನೇಯ್ದ ಬಳಿಕ ಅದು ಗೆರೆಯಾಗಿ ಕಾಣುತ್ತದೆ. ಕೆಲಸ ಮುಗಿದಾಗ ಹತ್ತಿ ರೇಷ್ಮೆಗಳೆರಡೂ ಒಂದೇ ಹಾಸಾಗಿ ಮಗ್ಗವನ್ನೇರುತ್ತವೆ.

ಇದರ ಪರಿಣಾಮವೊಂದನ್ನು ವಾಚಕರು ಗಮನಿಸಬೇಕು. ಇಳಕಲ್ಲಿನ ನೇಕಾರನಿಗೆ ಉದ್ದನೆಯ ಹಾಸಿನ ಸೌಕರ್ಯವಿಲ್ಲ. ಒಂದು ಸೀರೆಗೆ ಒಂದೇ ಹಾಸು. ಅದು ಮುಗಿದರೆ ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಎಲ್ಲವೂ: ನೂಲು ಸುತ್ತುವುದು, ಗಂಜಿ ಕಾಣಿಸುವುದು, ಹಾಸು ಹೂಡುವುದು, ಕೊಂಡಿ ಹಾಕುವುದು. ಆರು ಗಜವಾಗಲಿ, ಎಂಟು ಒಂಬತ್ತು ಗಜವಾಗಲಿ, ಪ್ರತಿಯೊಂದು ಸೀರೆಯೂ ತಾನೇ ಮೊದಲನೆಯದೆಂಬಂತೆ ಹುಟ್ಟುತ್ತದೆ. ಒಂದಕ್ಕೆ ಮನೆಮಂದಿಯ ಸುಮಾರು ಒಂದು ವಾರದ ದುಡಿಮೆ.

ಇಷ್ಟು ಶ್ರಮದ ಗೋಜು ಯಾಕೆ ಎಂದರೆ, ಅದರ ಹಿಂದೆ ಒಂದು ಜಾಣ್ಮೆಯ ಸಂಸಾರನೀತಿಯಿದೆ. ಬಯಲುಸೀಮೆಯ ಹೆಂಗಸು ಹೊಲದಲ್ಲಿ ದುಡಿಯುವವಳು. ಕಚ್ಚೆ ಹಾಕಿ ಉಡುವ ಸೀರೆಯ ಒಡಲು ಕಳೆ ತೆಗೆಯುವಾಗ, ಕೊಯ್ಲಿನಲ್ಲಿ, ಒಲೆಯ ಮುಂದೆ, ಕೆರೆಯ ಕಲ್ಲಿನ ಮೇಲೆ ಬಾಳಬೇಕು. ಅದಕ್ಕೆ ಹತ್ತಿಯೇ ಸರಿ. ಸೆರಗಿನ ಪಾಡು ಬೇರೆ. ಅದು ತಲೆಯ ಮೇಲೆ ಬರುವುದು, ಹೆಗಲ ಮೇಲೆ ಇರುವುದು, ನಾಲ್ವರ ಕಣ್ಣಿಗೆ ಬೀಳುವುದು, ಹಬ್ಬದ ದಿನ ಉಡಿ ತುಂಬಿಸಿಕೊಳ್ಳುವುದು. ಅಲ್ಲಿ ರೇಷ್ಮೆ ಹೊಳೆಯಬೇಕು. ಪೂರ್ತಿ ರೇಷ್ಮೆಯ ಸೀರೆಯ ಬೆಲೆ ಒಕ್ಕಲಿನವಳ ಕೈಗೆ ಎಟುಕದು. ಕಾಣುವಷ್ಟಕ್ಕೆ ರೇಷ್ಮೆ, ಬಾಳುವಷ್ಟಕ್ಕೆ ಹತ್ತಿ, ನಡುವೆ ಕೊಂಡಿ. ಅರ್ಥಶಾಸ್ತ್ರದ ಪಂಡಿತರು ಕುಳಿತು ಯೋಚಿಸಿದರೂ ಇದಕ್ಕಿಂತ ನೇರವಾದ ಪರಿಹಾರವನ್ನು ಹೇಳುತ್ತಿದ್ದರೆಂದು ತೋರುವುದಿಲ್ಲ.

ಇನ್ನು ಸೆರಗಿನ ಚೆಲುವು. ಕೆಂಪು ನೆಲದಲ್ಲಿ ಬಿಳಿಯ ಪಟ್ಟೆಗಳು; ಎರಡೂ ಕೂಡುವಲ್ಲಿ ಒಂದರೊಳಗೊಂದು ಹಲ್ಲು ಊರಿದಂತೆ ಇಳಿದಿರುವ ಚೂಪು ರೇಖೆಗಳು. ಇವಕ್ಕೆ ಹೆಸರಿಟ್ಟವರು ಊರ ಸುತ್ತಮುತ್ತ ಕಂಡದ್ದನ್ನೇ ಹೆಸರಾಗಿಸಿದ್ದಾರೆ. ಬಾಚಣಿಗೆಯಂತಿರುವುದು ಹಣಿಗೆ, ಕೋಟೆಯ ತೆನೆಗೋಡೆಯನ್ನು ಹೋಲುವುದು ಕೋಟಿಕಮ್ಮಲಿ, ಬೆಟ್ಟದ ಸಾಲಿನಂಥದು ರಂಪ, ಜೋಳದ ತೆನೆಯಂತಿರುವುದು ತೋಪುತೆನೆ, ಆಡುಮಾತಿನಲ್ಲಿ ‘ಟೋಪ್‌ತೆನಿ’. ಜೋಳವುಣ್ಣುವ ನಾಡಿನ ಸೆರಗಿನಲ್ಲಿ ಜೋಳದ ತೆನೆಯಿರುವುದು ಸಹಜವೇ ಸರಿ. ದಡಿಗಳಲ್ಲಿ ಗೋಮಿ, ಗಾಡಿ, ಚಿಕ್ಕಿ ಪರಾಸ, ದೊಡ್ಡ ಪರಾಸಗಳೆಂಬ ಭೇದಗಳುಂಟು. ಒಡಲಿನ ಬಣ್ಣಗಳಲ್ಲಿ ದಾಳಿಂಬೆ, ನವಿಲುಹಸಿರು, ಗಿಳಿಹಸಿರು, ಗಿರಿಕುಂಕುಮ. ಎಲ್ಲಕ್ಕೂ ಮಿಗಿಲಾಗಿ ಚಂದ್ರಕಾಳಿ. ಅಮಾವಾಸ್ಯೆಯ ಕಪ್ಪಿನ ಸೀರೆಗೆ ಚಂದ್ರನ ಹೆಸರನ್ನು ಕೂಡಿಸಿದ ರಸಿಕ ಯಾರೋ, ಅವನಿಗೆ ಕವಿಗಳು ನಮಸ್ಕರಿಸಬೇಕು.

ಈ ಚಂದ್ರಕಾಳಿಯ ಮೇಲೆಯೇ ಧಾರವಾಡದ ಕಡೆಯ ಹೆಣ್ಣುಮಕ್ಕಳು ಕಸೂತಿ ತೆಗೆಯುತ್ತಿದ್ದುದು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸುಹೊಕ್ಕುಗಳ ಎಳೆಗಳನ್ನು ಎಣಿಸುತ್ತ ಸೂಜಿ ನಡೆಯುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂದು ಹೊಲಿಗೆಗಳು ನಾಲ್ಕೇ. ಆ ನಾಲ್ಕರಿಂದಲೇ ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ, ನವಿಲುಗಳೆಲ್ಲ ಎದ್ದು ಬರುತ್ತವೆ. ಗವಂತಿಯಲ್ಲಿ ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಹಿಂತಿರುಗುವಾಗ ತುಂಬುತ್ತದೆ; ಗಂಟು ಹಾಕುವುದಿಲ್ಲ. ಆದುದರಿಂದ ಬಟ್ಟೆಯನ್ನು ಮಗುಚಿದರೂ ಅದೇ ಗೋಪುರ, ಅದೇ ತೇರು. ನೇಯ್ದವರು ಒಬ್ಬರು, ಕಸೂತಿ ತೆಗೆದವರು ಇನ್ನೊಬ್ಬರು, ಊರುಗಳೂ ಬೇರೆ. ಹಿಂಬದಿಯನ್ನು ಯಾರೂ ನೋಡರೆಂಬ ನೆಪದಲ್ಲಿ ಕೆಲಸ ಕೆಡಿಸಬಾರದೆಂಬ ಹಟ ಮಾತ್ರ ಇಬ್ಬರಿಗೂ ಒಂದೇ.

ಈ ಸೀರೆ ನೇಯುವವನ ಮನೆಯ ಚಿತ್ರ ಸರಳವಾದುದು. ನಡುಮನೆಯಲ್ಲಿ ಕುಣಿಮಗ್ಗ. ನೇಕಾರ ಕುಣಿಯ ಅಂಚಿನಲ್ಲಿ ನೆಲದ ಮಟ್ಟಕ್ಕೆ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಮೆಟ್ಟುಗೋಲನ್ನು ತುಳಿಯುತ್ತಾನೆ. ನೆಲದ ತಂಪಿಗೆ ನೂಲು ಒಣಗಿ ತುಂಡಾಗುವುದು ಕಡಿಮೆ. ಹೊಗಳಿಕೆ ಬರುವುದು ಅವನಿಗೆ; ಪ್ರಶಸ್ತಿ ಬಂದರೆ ಅದೂ ಅವನಿಗೇ. ನ್ಯಾಯವೇ. ಆದರೆ ಮಗ್ಗ ಏರುವ ಮುನ್ನಿನ ಕೆಲಸವೆಲ್ಲ ಬಹುಪಾಲು ಮನೆಯ ಹೆಂಗಸರದು. ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳುಹಿ, ಬೆಳಕಿರುವ ಹೊತ್ತನ್ನು ನೋಡಿಕೊಂಡು ಮಾಡುವ ಈ ದುಡಿಮೆಗೆ ಲೆಕ್ಕದ ಪುಸ್ತಕದಲ್ಲಿ ಪ್ರತ್ಯೇಕವಾದ ಸಾಲಿಲ್ಲ. ಸೀರೆಯ ಕೂಲಿಯೆಂದು ಬರುವ ಒಂದೇ ಮೊತ್ತದಲ್ಲಿ ಅದೂ ಕರಗಿಹೋಗುತ್ತದೆ.

ತೊಂದರೆಯ ಮೂಲ ಇಲ್ಲಿಯೇ ಇದೆ. ತಾನೇ ನೂಲು ಕೊಂಡು, ತಾನೇ ನೇಯ್ದು, ತಾನೇ ಮಾರುವ ಸ್ವತಂತ್ರ ನೇಕಾರರು ಉಂಟು. ಅನೇಕರು ಮಾತ್ರ ಮಾಲೀಕ ಕೊಟ್ಟ ನೂಲನ್ನು ನೇಯ್ದು ಸೀರೆಗಿಷ್ಟೆಂದು ಕೂಲಿ ಪಡೆಯುವವರು. ಇಬ್ಬರಿಗೂ ಒಂದು ಸಂಕಟ ಸಮಾನ. ರೇಷ್ಮೆಯ ಬೆಲೆಯನ್ನು ಇಳಿಸುವುದು ಅವರ ಕೈಯಲ್ಲಿಲ್ಲ, ಬಣ್ಣದ ಬೆಲೆಯೂ ಇಲ್ಲ, ಹತ್ತಿಯದೂ ಇಲ್ಲ. ಗಿರಾಕಿ ಬೆಲೆ ತಗ್ಗಿಸೆಂದು ಕುಳಿತರೆ ತಗ್ಗಿಸಲು ಉಳಿದಿರುವುದು ಒಂದೇ: ಮನೆಮಂದಿಯ ಹೊತ್ತು. ಅಂಗಡಿಯ ಜಮಖಾನೆಯ ಮೇಲೆ ನಡೆದ ಚೌಕಾಸಿ ಕೊನೆಗೆ ಬಂದು ತಟ್ಟುವುದು ಆ ಕೊಂಡಿಯನ್ನು.

ಏಕೆಂದರೆ ಕೊಂಡಿಯಿಲ್ಲದ ‘ಇಳಕಲ್’ ಸೀರೆ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತದೆ. ವಿದ್ಯುತ್ ಮಗ್ಗಕ್ಕೆ ಉದ್ದನೆಯ ಹಾಸು ಬೇಕು. ಸೀರೆಗೊಮ್ಮೆ ನಿಂತು ಕುಣಿಕೆ ತೊಡಿಸುವ ವ್ಯವಧಾನ ಅದಕ್ಕಿಲ್ಲ. ಅದೇ ದಡಿ, ಅದೇ ತೆನೆ, ಅದೇ ಹೆಸರು. ಬೆಲೆ ಮಾತ್ರ ಬಹಳ ಕಡಿಮೆ. ಕೈಮಗ್ಗಕ್ಕೆಂದು ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆ 1985ರಲ್ಲಿ ಬಂದಿತು. ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಅದನ್ನು ಎತ್ತಿಹಿಡಿಯಿತು. ಇಳಕಲ್ ಸೀರೆಗೆ 2007–08ರ ಸುಮಾರಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಕಾಯಿದೆ ಪುಸ್ತಕದಲ್ಲಿದೆ, ಮನ್ನಣೆ ಕಾಗದದಲ್ಲಿದೆ, ಅಗ್ಗದ ಸೀರೆ ಅಂಗಡಿಯಲ್ಲಿದೆ. 1905ರ ಸ್ವದೇಶಿ ಚಳವಳಿಯ ನೆನಪಿಗಾಗಿ 2015ರಿಂದ ಆಗಸ್ಟ್ 7ನ್ನು ಕೈಮಗ್ಗದ ದಿನವೆಂದು ಆಚರಿಸುತ್ತಾರೆ. ಅಂದು ಭಾಷಣಗಳಿಗೇನೂ ಕೊರತೆಯಿಲ್ಲ.

ಅಗ್ಗದ ಸೀರೆಯನ್ನು ಕೊಂಡವಳನ್ನು ಹಳಿಯುವುದು ನ್ಯಾಯವಲ್ಲ. ಬಡವಳು ಕೊಳ್ಳಬಲ್ಲುದನ್ನು ಕೊಳ್ಳುತ್ತಾಳೆ. ಯಂತ್ರದ ಸೀರೆ ಯಂತ್ರದ ಸೀರೆಯೆಂದೇ ಹೇಳಿಕೊಂಡು ಮಾರಾಟವಾದರೆ ಅದರಲ್ಲಿ ದೋಷವೇನಿದೆ? ದೋಷವಿರುವುದು ಕೈಯ ಹೆಸರಿನಲ್ಲಿ, ಕೈಯ ಬೆಲೆಗೆ, ಕೈ ಮುಟ್ಟದ ಸರಕನ್ನು ದಾಟಿಸುವಲ್ಲಿ. ಆ ಮೋಸಕ್ಕೆ ಹೆಚ್ಚಾಗಿ ಸಿಕ್ಕುವವರು ದುಡ್ಡಿದ್ದು ತಿಳಿವಳಿಕೆಯಿಲ್ಲದ ಪಟ್ಟಣಿಗರೇ.

ಪರೀಕ್ಷೆ ಕಷ್ಟವಲ್ಲ. ಸೀರೆಯನ್ನು ಪೂರ್ತಿ ಬಿಚ್ಚಿಸಿ, ಮಗುಚಿ, ಬೆಳಕಿಗೆ ಹಿಡಿಯಬೇಕು. ಒಡಲು ಸೆರಗುಗಳು ಕೂಡುವಲ್ಲಿ ಸೀರೆಯ ಅಗಲಕ್ಕೂ ಸಣ್ಣ ಕುಣಿಕೆಗಳ ಒಂದು ಸಾಲು ಕಂಡರೆ, ಬೆರಳಾಡಿಸಿದಾಗ ಅದು ತುಸು ಉಬ್ಬಿ ತಗುಲಿದರೆ, ಅದು ಕೊಂಡಿ. ಅದು ಕಾಣದಿದ್ದರೆ ಸೆರಗಿನ ಕೆಂಪನ್ನು ಹತ್ತಿರದಿಂದ ನೋಡಬೇಕು. ಕೆಂಪಿನ ಅಡಿಯಲ್ಲಿ ಒಡಲಿನ ಬಣ್ಣದ ಎಳೆ ಉದ್ದಕ್ಕೂ ಓಡಿದ್ದರೆ ಹಾಸು ಒಂದೇ ಎಂದು ತಿಳಿಯಬಹುದು. ಗಿರಾಕಿ ಇಷ್ಟು ಮಾಡುವುದನ್ನು ಕಂಡ ಅಂಗಡಿಯವನು ಸಾಮಾನ್ಯವಾಗಿ ಒಳಗಿನ ಕಪಾಟಿನಿಂದ ಬೇರೆ ಸೀರೆಗಳನ್ನು ತರಿಸುತ್ತಾನೆ.

ಬೆಲೆ ಹೆಚ್ಚಾಯಿತೆನ್ನುವವರು ಬಾಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಾಯಿಯ ಇಳಕಲ್ ಸೀರೆಯನ್ನು ಮಗಳು ಉಡುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಅಪರೂಪದ ಸಂಗತಿಯಲ್ಲ. ಒಡಲು ತೀರ ಸವೆದು ಉಡಲು ಬಾರದಾದಾಗಲೂ ಅದನ್ನು ಎಸೆಯುವುದಿಲ್ಲ. ತುಂಡುಗಳಾಗಿ ಹರಿದು, ಪದರ ಪದರವಾಗಿ ಹಾಸಿ, ಕೈಯಿಂದಲೇ ಸಾಲುಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ಅಜ್ಜಿಯ ಸೀರೆ, ಅವ್ವನ ಸೀರೆ, ಅತ್ತಿಗೆಯ ಸೀರೆಗಳು ಅದರಲ್ಲಿ ಒಂದರ ಪಕ್ಕಕ್ಕೊಂದು ಬಂದು ಕೂಡುತ್ತವೆ. ತೋಪುತೆನೆಯ ಕೆಂಪು ತುಂಡೊಂದು ನಡುವೆ ಸೇರಿದ್ದರೆ, ಹೊದ್ದು ಮಲಗಿದ ಮಗು ಬೆರಳಿಟ್ಟು, “ಇದು ಯಾರದು?” ಎಂದು ಮೊದಲು ಕೇಳುವುದು ಅದನ್ನೇ.