ನೆಟ್‌ವರ್ಕ್ ಇಲ್ಲದ ಅಣಶಿಯಲ್ಲಿ ನಮ್ಮ ಸ್ಕ್ವಾಡ್

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಹತ್ತರ ಮೇಲೆ ಕೇಳಿಸೋದು ಎರಡೇ ಮಾತು: "ಲೇ, ಕವರ್ ಕೊಡೋ", "ಲೇ, ರಿವೈವ್ ಮಾಡೋ". ಬಿಜಿಎಂಐ ಆಡುವವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನೂರು ಜನರ ಮ್ಯಾಚ್, ನಾಲ್ಕು ಜನರ ಸ್ಕ್ವಾಡ್, ಕೊನೆಗೆ ಉಳಿದವರು ಗೆದ್ದಂಗೆ. ಟೀಮ್‌ವರ್ಕ್ ಅಂದ್ರೆ ಇದೇ ಅಂತ ನಾವು ನಂಬಿದ್ದೆವು. ಈ ಮಳೆಗಾಲ ಅಣಶಿಗೆ ಹೋಗಿ ಬಂದ ಮೇಲೆ ಆ ನಂಬಿಕೆ ಸ್ವಲ್ಪ ಅಲುಗಾಡಿದೆ.

ಅಣಶಿ ಇರೋದು ಜೋಯಿಡಾ ತಾಲೂಕಿನಲ್ಲಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಅಲ್ಲೇ ಹತ್ತಿರ ನಮ್ಮ ಕ್ಲಾಸಿನ ಹುಡುಗನೊಬ್ಬನ ಮನೆ. ನಾವು ನಾಲ್ಕು ಜನ ಅವನ ಮನೆಗೆ ಹೋಗಿದ್ದೆವು. ನಿಜ ಹೇಳಬೇಕಂದ್ರೆ, ಹೋಗುವಾಗ ನಮಗೆ ಒಳಗೊಳಗೇ ಒಂಥರಾ ಆಗಿತ್ತು. ಅವನ ಫೋನ್ ಹಳೇದು, ಫೈಟ್ ಶುರುವಾದ ಕೂಡಲೇ ಹ್ಯಾಂಗ್ ಆಗುತ್ತೆ. ಅದಕ್ಕೇ ನಾವು ಅವನನ್ನು ಸ್ಕ್ವಾಡ್‌ನಿಂದ ಬಿಟ್ಟಿದ್ದೆವು. "ಮುಂದಿನ ಮ್ಯಾಚ್‌ಗೆ ನೋಡೋಣ" ಅಂದಿದ್ದೆವು. ಆ ಮುಂದಿನ ಮ್ಯಾಚ್ ಬರಲೇ ಇಲ್ಲ.

ಮೊದಲ ಸಂಜೆಯೇ ಜೋರು ಮಳೆ, ಕರೆಂಟ್ ಹೋಯ್ತು. ಫೋನಿನಲ್ಲಿ ಸಿಗ್ನಲ್ ಮೊದಲೇ ಇರಲಿಲ್ಲ. ನಮ್ಮಲ್ಲೊಬ್ಬ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಉಚಿತ ನಿಯಮಗಳನ್ನು ಡೌನ್‌ಲೋಡ್ ಮಾಡಿಟ್ಟಿದ್ದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬ ಕಥೆ ನಡೆಸ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡ್ತೇವೆ ಅಂತ ಹೇಳ್ತಾರೆ. ಕೆಲಸ ಕಷ್ಟದ್ದಾದರೆ ಇಪ್ಪತ್ತು ಮುಖದ ದಾಳ ಹಾಕಬೇಕು. ನಮ್ಮ ಹತ್ತಿರ ದಾಳ ಎಲ್ಲಿಂದ ಬರಬೇಕು? 1ರಿಂದ 20ರವರೆಗೆ ಚೀಟಿ ಬರೆದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದೆವು. ಇಂಗ್ಲಿಷಿನ ನಿಯಮ, ಕನ್ನಡದ ಕಥೆ.

ಕಥೆ ಇಷ್ಟೇ: ರಾತ್ರಿ, ಕಾಡು, ಹಳ್ಳದ ಆಚೆಯ ಊರಿಗೆ ಔಷಧಿ ಮುಟ್ಟಿಸಬೇಕು. ದಾರಿಯಲ್ಲಿ ಕರಡಿ ನಿಂತಿದೆ. ನಮಗೆ ಕೂಡಲೇ ಹೊಳೆದದ್ದು ಬಿಜಿಎಂಐ ತಂತ್ರ: ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ, ಒಬ್ಬ ಮರ ಹತ್ತಿ ಬಾಣ ಬಿಡೋದು. ವೈದ್ಯನ ಪಾತ್ರದಲ್ಲಿದ್ದ ಅವನು ಮಾತ್ರ ಕೇಳಿದ, "ಮರಿ ಇದಾವಾ ಜೊತೆಗೆ?"

ಕಥೆ ನಡೆಸುವವನು ಅದನ್ನ ಯೋಚಿಸಿಯೇ ಇರಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, "ಎರಡು ಇದಾವೆ" ಅಂದ. "ಹಾಗಾದ್ರೆ ಹೊಡೆಯೋದು ಬೇಡ. ತಾಯಿಗೂ ಮರಿಗೂ ನಡುವೆ ನಾವು ಸಿಗಬಾರದು. ಹಿಂದೆ ಸರಿದು ಸುತ್ತಿ ಹೋಗೋಣ." ಸುತ್ತಿ ಹೋಗುವಾಗ ಅವನಿಗೇ ಚೀಟಿಯಲ್ಲಿ 3 ಬಂತು, ಕಾಲು ಜಾರಿ ಔಷಧಿ ಚೀಲ ಹಳ್ಳಕ್ಕೆ ಬಿತ್ತು. ಸೈನಿಕನ ಪಾತ್ರದವನು ಕತ್ತಿ ಬಿಟ್ಟು ಚೀಲ ಹಿಡಿದ. ಯಾರೂ ಯಾರಿಗೂ ಬೈಯಲಿಲ್ಲ. ಬೈದಿಲ್ಲ ಅನ್ನೋದು ನಮಗೆ ಹೊಳೆದದ್ದು ಊಟಕ್ಕೆ ಕೂತಾಗ.

ವ್ಯತ್ಯಾಸ ಇರೋದು ಇಲ್ಲೇ ಅಂತ ನಮಗನ್ನಿಸುತ್ತೆ. ಆನ್‌ಲೈನ್ ಗೇಮ್‌ನಲ್ಲಿ "ಮರಿ ಇದಾವಾ" ಅಂತ ಕೇಳೋಕೆ ಬಟನ್ ಇಲ್ಲ. ಕೋಡ್ ಬರೆದವರು ಕೊಟ್ಟ ದಾರಿಗಳಲ್ಲಿ ಒಂದನ್ನ ಬೇಗ ಆರಿಸೋದೇ ಅಲ್ಲಿಯ ತಂತ್ರ. ಹಾಗಾಗಿ ಬೆರಳು ಯಾರದು ಚುರುಕೋ, ಫೋನ್ ಯಾರದು ಒಳ್ಳೇದೋ ಅವನೇ ಲೀಡರ್. ಮೇಜಿನ ಆಟದಲ್ಲಿ ದಾರಿ ಹುಟ್ಟೋದು ಕೂತವರ ತಲೆಯಿಂದ. ಒಬ್ಬನಿಗೆ ಕಾಡು ಗೊತ್ತಿದ್ದರೆ ಅದೇ ಇಡೀ ತಂಡದ ಆಯುಧ. ಆದರೆ ಉಳಿದವರು ಕೇಳಿಸಿಕೊಳ್ಳಬೇಕು, ಅಷ್ಟೇ.

ಇದು ನಮ್ಮ ಕಡೆಯವರಿಗೆ ತೀರಾ ಹೊಸದೂ ಅಲ್ಲ. ಶಿರಸಿ, ಯಲ್ಲಾಪುರದ ಕಡೆ ತಾಳಮದ್ದಳೆ ನೋಡಿದವರಿಗೆ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಕೃಷ್ಣನೋ ಕೌರವನೋ ಆಗಿ ವಾದಕ್ಕೆ ಇಳೀತಾರೆ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಎದುರಾಳಿಗೂ ಮಾತಿಗೆ ಜಾಗ ಕೊಡಬೇಕು, ಇಲ್ಲದಿದ್ದರೆ ಪ್ರಸಂಗ ಮುಂದೆ ಹೋಗಲ್ಲ. ಕಥೆಯ ಕೊನೆ ಅಲ್ಲಿ ಮೊದಲೇ ಗೊತ್ತು, ಇಲ್ಲಿ ಗೊತ್ತಿಲ್ಲ. ಅದೊಂದು ದೊಡ್ಡ ವ್ಯತ್ಯಾಸ.

ಹಾಗಂತ ಬಿಜಿಎಂಐ ಬಿಟ್ಟುಬಿಡಿ ಅಂತ ನಾವು ಹೇಳ್ತಿಲ್ಲ, ನಾವೂ ಬಿಟ್ಟಿಲ್ಲ. ರಜೆಯಲ್ಲಿ ಬೀದರಿನವನೂ ಮಂಗಳೂರಿನವನೂ ಒಂದೇ ಸ್ಕ್ವಾಡ್‌ನಲ್ಲಿ ಸೇರೋದು ಅಲ್ಲೇ. ಗಾಬರಿಯಲ್ಲೂ ಎರಡೇ ಪದದಲ್ಲಿ ವಿಷಯ ಮುಟ್ಟಿಸೋದನ್ನ ಕಲಿತದ್ದೂ ಅಲ್ಲೇ. ಆದರೆ ಟೀಮ್ ಅಂದ್ರೆ ಅಷ್ಟೇ ಅಂತ ಅಂದುಕೊಂಡರೆ ನಾಳೆ ಪ್ರಾಜೆಕ್ಟ್ ಗ್ರೂಪಿನಲ್ಲೂ ನಾವು ಫೋನ್ ನೋಡಿಯೇ ಜನರನ್ನ ಆರಿಸ್ತೇವೆ. ಈಗಾಗಲೇ ಲ್ಯಾಪ್‌ಟಾಪ್ ನೋಡಿ ಆರಿಸ್ತಿದ್ದೇವೆ, ಸುಳ್ಳಾ?

ನಮ್ಮದೊಂದು ಸಲಹೆ: ಶನಿವಾರ ಸಂಜೆ ಕನ್ನಡ ಸಂಘದ ಕೋಣೆಯಲ್ಲಿ ಒಂದು ಮೇಜು, ಐದು ಕುರ್ಚಿ. ಚೀಟಿ ಡಬ್ಬಿ ನಾವು ತರ್ತೇವೆ. ಫೋನ್ ಬೇಡ. ಕಥೆ ನಡೆಸೋದು ಅವನು, ಒಪ್ಪಿದ್ದಾನೆ. ಸ್ಕ್ವಾಡ್‌ನಿಂದ ಬಿಟ್ಟಿದ್ದಕ್ಕೆ ನಾವಿನ್ನೂ ಅವನಿಗೆ ಸಾರಿ ಹೇಳಿಲ್ಲ. ಇಲ್ಲಿ ಹೇಳ್ತಿದ್ದೇವೆ, ಅವನೂ ಇದನ್ನ ಓದ್ತಾನೆ.