ಬಾಡಿಗೆಯ ಕುರ್ಚಿ, ಸದಸ್ಯನ ಕುರ್ಚಿ

ಹೈದರಾಬಾದಿನ ಮಾದಾಪುರ, ಗಚ್ಚಿಬೌಲಿ ಕಡೆ ತಿಂಗಳ ಲೆಕ್ಕದಲ್ಲಿ ಮೇಜು-ಕುರ್ಚಿ ಬಾಡಿಗೆಗೆ ಕೊಡುವ ಕೋವರ್ಕಿಂಗ್ ಕಚೇರಿಗಳಿವೆ. ಹಣ ಕಟ್ಟಿದವರನ್ನು ಅಲ್ಲಿ 'ಮೆಂಬರ್' ಎನ್ನುತ್ತಾರೆ. ಆದರೆ ಬಾಡಿಗೆ ಏರಿಸುವಾಗ, ವೇಳೆ ಬದಲಿಸುವಾಗ ಸಾಮಾನ್ಯವಾಗಿ ಈ ಮೆಂಬರಿಗೆ ಮತವಿಲ್ಲ. ಹಿಡಿಸದಿದ್ದರೆ ಆತ ಪಕ್ಕದ ಕಟ್ಟಡಕ್ಕೆ ಹೋಗಬಹುದು. ಆತ ಗಿರಾಕಿ, ಅದು ವ್ಯಾಪಾರ, ತಪ್ಪೇನಿಲ್ಲ.

ಸದಸ್ಯತ್ವಕ್ಕೆ ಬೇರೆಯೇ ಅರ್ಥ ಕೊಟ್ಟ ಪರಂಪರೆ ಕನ್ನಡ ನಾಡಿನಲ್ಲಿದೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಸ್ಥಾಪಿಸಿದರು. ಕಾಫಿ ತಂದುಕೊಡುವವನೇ ಸಂಸ್ಥೆಯ ಪಾಲುದಾರ. ಷೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ ಎಂಬುದು ಸಹಕಾರ ತತ್ವದ ತಿರುಳು.

ಈ ಮಾತು ಹೊರನಾಡ ಕನ್ನಡ ಸಂಘಗಳಿಗೂ ಅನ್ವಯಿಸುತ್ತದೆ. ರಾಜ್ಯೋತ್ಸವ, ಯುಗಾದಿಗೆ ತುಂಬುವ ಸಭಾಂಗಣ ವಾರದ ದಿನಗಳಲ್ಲಿ ಖಾಲಿ ಇದ್ದರೆ, ಅಲ್ಲಿ ನಾಲ್ಕು ಮೇಜು, ಇಂಟರ್‌ನೆಟ್ ಒದಗಿಸಿ ಎಂದು ಯುವಕರು ಕೇಳುವುದು ಸಹಜ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ನಾಟಕದ ತಾಲೀಮಿಗೆ ಜಾಗ ಎಲ್ಲಿ ಎಂದು ಹಿರಿಯರು ಕೇಳುವುದೂ ಅಷ್ಟೇ ನ್ಯಾಯ. ಇಂಥ ವಿಷಯ ಅಧ್ಯಕ್ಷರ ಮನೆಯಲ್ಲಾಗಲಿ, ದೊಡ್ಡ ದಾನಿಯ ಫೋನಿನಲ್ಲಾಗಲಿ ತೀರ್ಮಾನವಾಗಬಾರದು. ಮುಂಚಿತವಾಗಿ ನೋಟಿಸು ಕೊಟ್ಟು, ಖರ್ಚಿನ ಅಂದಾಜು ಮುಂದಿಟ್ಟು, ಮಹಾಸಭೆಯಲ್ಲಿ ಮತಕ್ಕೆ ಹಾಕಬೇಕು. ಒಪ್ಪಿಗೆಯಾದರೆ ಆರು ತಿಂಗಳು ನಡೆಸಿ, ಲೆಕ್ಕವನ್ನು ಮತ್ತೆ ಸಭೆಗೆ ತರಬೇಕು. ವಿರೋಧಿಸಿದವರ ಮಾತೂ ನಡಾವಳಿ ಪುಸ್ತಕಕ್ಕೆ ಬರಬೇಕು. ಖಾತೆಯ ಸಹಿದಾರರನ್ನು ಬದಲಿಸಬೇಕಾದರೆ ಬ್ಯಾಂಕು ಕೂಡ ಠರಾವಿನ ಪ್ರತಿ ಕೇಳುತ್ತದೆ. ಸಂಘದ ಜಾಗದ ಬಗ್ಗೆ ಸದಸ್ಯರು ಅಷ್ಟಾದರೂ ಕೇಳಬೇಡವೇ?

ದೋಷ ಪದಾಧಿಕಾರಿಗಳದ್ದಷ್ಟೇ ಅಲ್ಲ. ಹಾಡಿನ ಕಾರ್ಯಕ್ರಮಕ್ಕೆ ಕುರ್ಚಿ ಸಾಲದಷ್ಟು ಜನ ಸೇರಿ, ಮಹಾಸಭೆಗೆ ಕೋರಂ ಆಗದಿದ್ದರೆ ನಾಲ್ವರೇ ನಿರ್ಧರಿಸುವುದು ಅನಿವಾರ್ಯವಾಗುತ್ತದೆ. ಆಮೇಲೆ ಗೊಣಗಿ ಫಲವಿಲ್ಲ. ಚಂದಾ ಕಟ್ಟಿ, ಊಟ ಮುಗಿಸಿ ಹೊರಡುವವನು ಗಿರಾಕಿ. ಲೆಕ್ಕಪತ್ರ ಓದಿ, ಪ್ರಶ್ನೆ ಕೇಳಿ, ಕೈ ಎತ್ತುವವನು ಸದಸ್ಯ. ಗಿರಾಕಿಗೆ ಪಕ್ಕದ ಕಟ್ಟಡವಿದೆ. ಪರವೂರಿನ ಕನ್ನಡಿಗನಿಗೆ ಇನ್ನೊಂದು ಸಂಘ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮುಂದಿನ ಮಹಾಸಭೆಯ ನೋಟಿಸು ಬಂದಾಗ ಸದಸ್ಯರು ಇದನ್ನು ನೆನೆಯುವುದು ಒಳಿತು.